ಟ್ಯಾಂಕಿನ ಮೈಗೆ ಗಿಲಾವು

ಎರಡು ಸಾವಿರದ ಒಂದರಲ್ಲಿ ಗಂಡನಿಗೆ, ಜರ್ಮನಿ ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕು ಹ್ಯಾಂಬರ್ಗ್‌ನಲ್ಲಿ ಕೆಲಸವಾದಾಗ, ನಾನು ಹುಬ್ಬಳ್ಳಿಯ ಪೇಂಟ್ ಕಾರ್ಖಾನೆಯ ಲ್ಯಾಬ್ ಬಿಟ್ಟು ಬಂದೆ. ಜೊತೆಗೆ ಬಂದ ಹೆಂಡತಿಯರು ಮೊದಲ ವರ್ಷ ದುಡಿಯುವಂತಿರಲಿಲ್ಲ. ಕಿಟಕಿ ಒರೆಸಿ ಒರೆಸಿ ಬೇಸತ್ತಿದ್ದೆ. ಆಗ ಜರ್ಮನ್ ಕ್ಲಾಸಿನ ಟೀಚರ್ ಹೇಳಿದಳು: ಅವಳ ತಂದೆ ಊರಾಚೆಯ ಯುದ್ಧ ಟ್ಯಾಂಕುಗಳ ಮ್ಯೂಸಿಯಂನಲ್ಲಿ ಸಂಬಳವಿಲ್ಲದೆ ರಿಪೇರಿ ಮಾಡುತ್ತಾರೆ, ಟ್ಯಾಂಕಿನ ಮೈಗೆ ಲೇಪ ಬಳಿಯಲು ಬಣ್ಣದ ಕೆಲಸ ಬಲ್ಲವರನ್ನು ಹುಡುಕುತ್ತಿದ್ದಾರೆ.

ಗಂಡ ಜೋರಾಗಿ ನಕ್ಕರು. “ಎಂ.ಎಸ್ಸಿ. ಮಾಡಿ ಟ್ಯಾಂಕಿಗೆ ಗಿಲಾವ್ ಮಾಡಾಕ ಹೊಂಟೀ ಏನ?”

“ಹೌದ್ರಿ. ಶನಿವಾರ ಅಡಗಿ ನೀವ ಮಾಡ್ರಿ,” ಅಂದೆ.

ಟೀಚರ ತಂದೆ ಬಂದರಿನಲ್ಲಿ ವೆಲ್ಡರ್ ಆಗಿದ್ದು ನಿವೃತ್ತರಾದವರು. ನನ್ನನ್ನು ಎರಡನೆಯ ಮಹಾಯುದ್ಧದ ಟ್ಯಾಂಕೊಂದರ ಮುಂದೆ ನಿಲ್ಲಿಸಿದರು. ಅದರ ಮೈಮೇಲೆ ಉಳುಮೆ ಮಾಡಿದ ಹೊಲದಂತೆ ಏರುತಗ್ಗು ಗೆರೆಗಳ ಗಟ್ಟಿ ಲೇಪವಿತ್ತು.

“ಅಯಸ್ಕಾಂತದ ಬಾಂಬು ಉಕ್ಕಿಗೆ ಕಚ್ಚಿಕೊಳ್ಳಬಾರದೆಂದು ಬಳಿದದ್ದು,” ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. “ಅಂಥ ಬಾಂಬು ನಮ್ಮವರ ಹತ್ತಿರವಿತ್ತು. ಶತ್ರುಗಳೂ ಮಾಡಿಯಾರು ಎಂದು ಹೆದರಿದರು. ಆದರೆ ಶತ್ರುಗಳು ಅದನ್ನು ಹೆಚ್ಚಾಗಿ ಬಳಸಲೇ ಇಲ್ಲ.”

ಒಂದು ಪಕ್ಕದ ಲೇಪ ಉದುರಿ ಉಕ್ಕು ಕಾಣುತ್ತಿತ್ತು. ಅಲ್ಲಿ ಅವರ ತಂಡ ಹೊಸದಾಗಿ ಬಳಿದದ್ದೆಲ್ಲ ಬಿರುಕು ಬಿಟ್ಟಿತ್ತು. ಅದರಿಂದ ಉದುರಿದ ಚೂರೊಂದನ್ನು ಮುರಿದು ನೋಡಿದೆ. ಒಂದೇ ಸಲಕ್ಕೆ ದಪ್ಪಗೆ ಹಚ್ಚಿದ್ದರು. ಮೇಲ್ಭಾಗ ಬೇಗ ಒಣಗಿ, ಒಳಗಿನದು ಆಮೇಲೆ ಕುಗ್ಗಿ ಸೀಳಿತ್ತು. ಹಾಗೆಂದೆ. ಅವರು ಗುಜರಿ ತಗಡೊಂದನ್ನು ಕೊಟ್ಟು, “ಮಾಡಿ ತೋರಿಸಿ,” ಎಂದರು.

ಅವರ ಬಳಿಯಿದ್ದ ಹಳೆಯ ಪಾಕದಂತೆ ಬೇರಿಯಂ ಸಲ್ಫೇಟ್ ಪುಡಿ, ಕಾವಿಮಣ್ಣು, ಮರದ ಹೊಟ್ಟು, ಅಂಟು ಎಲ್ಲ ಕಲಸಿದೆ. ತಗಡಿನ ಜಿಡ್ಡು ತೆಗೆದು ತೆಳ್ಳಗೆ ಒಂದು ಪದರ ಹಚ್ಚಿ, ಪೂರ್ತಿ ಒಣಗಲು ಬಿಟ್ಟೆ. ಮುಂದಿನ ಶನಿವಾರ ಅದನ್ನು ಗೀರಿ ಎರಡನೆಯ ಪದರ ಹಚ್ಚಿ, ಹಲ್ಲುಹಲ್ಲಾಗಿ ಕತ್ತರಿಸಿದ ತಗಡಿನಿಂದ ಗೆರೆ ಎಳೆದೆ. ಅದೂ ಒಣಗಿದ ಮೇಲೆ ಅವರು ಸುತ್ತಿಗೆ ತಂದು ಬಾರಿಸಿದರು. ಚೂರೂ ಉದುರಲಿಲ್ಲ.

“ಈ ಪಕ್ಕ ಪೂರ್ತಿ ನಿಮ್ಮದು,” ಎಂದರು.

ಚಳಿಗಾಲವಿಡೀ ಶನಿವಾರಗಳು ಅದರಲ್ಲೇ ಕಳೆದವು. ಹಳೆಯ ಫೋಟೋ ನೋಡಿ ಗೆರೆಗಳ ಓರೆ ಹೊಂದಿಸಿದೆ. ಸರಿಬಾರದ್ದನ್ನು ಕೆರೆದು ಮತ್ತೆ ಹಚ್ಚಿದೆ. ಕೊಲ್ಲಲೆಂದು ಮಾಡಿದ ಯಂತ್ರಕ್ಕೆ ಇಷ್ಟು ಆರೈಕೆಯೇಕೆ ಎಂದು ಒಮ್ಮೆ ಕೇಳಿಯೂಬಿಟ್ಟೆ. ಅವರು ಕೈಯೊರೆಸಿಕೊಂಡರು.

“ನನ್ನ ಅಣ್ಣ ಇಂಥದ್ದರೊಳಗೆ ಕೂತು ಹೋದವನು, ಬರಲಿಲ್ಲ. ಅದು ಹೇಗಿತ್ತೋ ಹಾಗೇ ಜನ ನೋಡಲಿ.”

ಅಂದಿನಿಂದ ನನ್ನ ಕೈ ಇನ್ನಷ್ಟು ಜಾಗರೂಕವಾಯಿತು.

ವಸಂತದಲ್ಲಿ ಟ್ಯಾಂಕನ್ನು ಜನರ ಮುಂದಿಟ್ಟರು. ಯಾವ ಭಾಗ ಹೊಸದೆಂದು ಪಕ್ಕದಲ್ಲೊಂದು ಫಲಕವಿತ್ತು. ಗಂಡ, ಬೆಂಗಳೂರಿನ ಸಹೋದ್ಯೋಗಿಯೊಬ್ಬನನ್ನು ಕರೆತಂದಿದ್ದರು. ಅವನು ಆ ಕಡೆ ಈ ಕಡೆ ಓಡಾಡಿ, “ಗುರು, ಬೋರ್ಡ್ ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ!” ಎಂದ.

“ನಮ್ಮಾಕಿ ಮಾಡಿದ್ದಪಾ ಇದು,” ಎಂದರು ಗಂಡ. ಪಕ್ಕದಲ್ಲಿ ನಿಂತ ಅಪರಿಚಿತ ಜರ್ಮನ್ ದಂಪತಿಗೂ ತಮ್ಮ ಹರುಕು ಜರ್ಮನ್‌ನಲ್ಲಿ ಅದನ್ನೇ ಹೇಳಿದರು. ನಾನು ಬೇಡವೆನ್ನಲಿಲ್ಲ.

ವರ್ಷ ತುಂಬಿ ದುಡಿಯಲು ಅನುಮತಿ ಬಂದ ಮೇಲೆ ಪೇಂಟ್ ಲ್ಯಾಬೊಂದರ ಸಂದರ್ಶನಕ್ಕೆ ಹೋದೆ. ಜರ್ಮನಿಯಲ್ಲಿ ಏನಾದರೂ ಅನುಭವವಿದೆಯೇ ಎಂದು ಕೇಳಿದರು. ಟ್ಯಾಂಕಿನ ಕಥೆಯನ್ನು ಜರ್ಮನ್‌ನಲ್ಲೇ, ತಡವರಿಸದೆ ಹೇಳಿದೆ. ಕೆಲಸ ಸಿಕ್ಕಿತು.