ಅಪ್ಪನ ಹದಿನೇಳು ಚಾಕು

ಚಾಕು ಕೈಗೆ ಬಂದರೆ ಅಪ್ಪ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿಯುತ್ತಿದ್ದ. ನೋಡುವುದು ಆಮೇಲೆ. ಉಗುರಿನಿಂದ ಅಲಗನ್ನು ಬಿಡಿಸಿ, ಮತ್ತೆ ಮಡಚಿ, ಅದರ ‘ಟಕ್’ ಸದ್ದನ್ನು ಕೇಳುತ್ತಿದ್ದ. ಸದ್ದು ಒಂದೇ ಏಟಿಗೆ ಗಟ್ಟಿಯಾಗಿ ಬಂದರೆ ಒಳಗಿನ ಸ್ಪ್ರಿಂಗಿಗೆ ಇನ್ನೂ ಜೀವ ಇದೆ ಎಂದು ಅರ್ಥವಂತೆ. ಅಬಿಡ್ಸಿನ ಫುಟ್‌ಪಾತಿನಲ್ಲಿ ಭಾನುವಾರ ಹಳೇ ಪುಸ್ತಕ ಹರಡಿಕೊಂಡವರ ನಡುವೆ ಒಬ್ಬಿಬ್ಬರು ಹಳೇ ಸಾಮಾನಿನವರೂ ಕೂರುತ್ತಿದ್ದರು. ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಪ್ಪ ಒಂದೇ ಚಾಕುವನ್ನು ಹತ್ತು ಸಲ ಬಿಚ್ಚಿ ಮಡಚುತ್ತಿದ್ದರೆ, ಸೆರಗು ತಲೆಗೆಳೆದುಕೊಂಡು ಬಿಸಿಲಲ್ಲಿ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ವಾರಕ್ಕೆ ಇದ್ದದ್ದು ಒಂದು ರಜೆ. ಅದೂ ಚಾಕುವಿನ ಪಾಲಾಗುತ್ತಿತ್ತು.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ನಾನು ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ರಾಜ್ಯ ಇನ್ನೂ ಒಡೆದಿರಲಿಲ್ಲ, ಶ್ರೀಕಾಕುಳದಿಂದ ಅನಂತಪುರದವರೆಗಿನ ಫೈಲುಗಳೆಲ್ಲ ನಮ್ಮ ಮೇಜಿಗೇ ಬಂದು ಬೀಳುತ್ತಿದ್ದ ಕಾಲ. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಮಲ್ಕಾಜ್‌ಗಿರಿಯ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಜೊತೆಗೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಹಳೇ ಬನಿಯನ್ನಿನ ತುಂಡುಗಳಲ್ಲಿ ಸುತ್ತಿಟ್ಟ ಹದಿನೇಳು ಚಾಕು.

“ಇದರಾಗ ಏನೈತಿ ಅಪ್ಪಾ? ಕರ್ರಗೈತಿ, ಮೊಂಡೈತಿ,” ಎಂದು ಒಮ್ಮೆ ರೇಗಿದ್ದೆ.

“ಕರ್ರಗೈತಿ ಅಂತನ ತಗೊಂಡೀನಿ. ಅದು ತುಕ್ಕಲ್ಲವಾ, ವಯಸ್ಸು. ಹಣ್ಣು ಹೆಚ್ಚಿ ಹೆಚ್ಚಿ ಉಕ್ಕಿಗೆ ಬಂದ ಬಣ್ಣ. ತಿಕ್ಕಿದಿ ಅಂದ್ರ ಹೋತು. ಮತ್ತ ಬರಬೇಕಂದ್ರ ನಲವತ್ತು ವರ್ಷ ಕಾಯಬೇಕು.”

ಆಮೇಲೆ ಪಾಠ ಶುರುವಾಗುತ್ತಿತ್ತು. ಕೇಳುವುದಿಲ್ಲ ಎಂದರೂ ಬಿಡುತ್ತಿರಲಿಲ್ಲ. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರಬೇಕು, ಎಡಕ್ಕೂ ಬಲಕ್ಕೂ ತಾಗಬಾರದು. ಬಿಚ್ಚಿದಾಗ ಅಲುಗಾಡಬಾರದು. ಕೋಡಿನ ಹಿಡಿಯ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರೆ ಕೋಡು ಎಲ್ಲಿ ಮುಗಿಯಿತು, ಉಕ್ಕು ಎಲ್ಲಿ ಶುರುವಾಯಿತು ಎಂದು ಬೆರಳಿಗೆ ತಿಳಿಯಬಾರದು. ಅಲಗಿನ ಬುಡದಲ್ಲಿ ಮಾಡಿದವನ ಮುದ್ರೆ ಓದುವಂತಿರಬೇಕು. ಅಲಗು ಹುಟ್ಟಿದಾಗ ಎಷ್ಟು ಅಗಲ ಇತ್ತೋ ಅಷ್ಟೇ ಇರಬೇಕು. ಸಾಣೆಯವನ ಚಕ್ರಕ್ಕೆ ಪದೇಪದೇ ಹೋದ ಚಾಕು ಸವೆದು ಕಡ್ಡಿಯಾಗಿರುತ್ತದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಅಪ್ಪ ಮುಟ್ಟುತ್ತಿರಲಿಲ್ಲ. ಇದೆಲ್ಲಕ್ಕಿಂತ ದೊಡ್ಡ ಮಾತು ಒಂದಿತ್ತು: ಯಾರೂ ಅದನ್ನು ಸುಧಾರಿಸಲು ಹೋಗಿರಬಾರದು. ಪಾಲಿಶ್ ಮಾಡಿದ, ಹೊಸ ರಿವೆಟ್ ಹೊಡೆದ, ಎಣ್ಣೆ ಬಳಿದು ಮಿಂಚಿಸಿದ ಚಾಕುವನ್ನು ನೋಡಿದರೆ ಅಪ್ಪನ ಮುಖ ಹೆಣ ನೋಡಿದವನ ಮುಖದ ಹಾಗಾಗುತ್ತಿತ್ತು.

ಖಂಡೇನವಮಿಯ ದಿನವೂ ಅದೇ ಹಟ. ನಮ್ಮ ಕಡೆ ಆವತ್ತು ಮನೆಯ ಈಳಿಗೆ, ಕುಡುಗೋಲು, ಕತ್ತರಿ ಎಲ್ಲವನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಸಾಣೆ ಹಿಡಿಸಿ, ದೇವರ ಮುಂದಿಟ್ಟು ಅರಿಸಿನ ಕುಂಕುಮ ಏರಿಸುತ್ತಾರೆ. ಅಪ್ಪ ತನ್ನ ಚಾಕುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆ ಸಮೇತ ಇಟ್ಟು, ಕುಂಕುಮವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚುತ್ತಿದ್ದ. “ದೇವರ ಮುಂದ ಮುಸುರಿ ಇಟ್ಟಂಗ,” ಎಂದು ಅವ್ವ ಬದುಕಿರುವವರೆಗೂ ಗೊಣಗಿದಳು.

ಅಪ್ಪನ ಬಲಗಣ್ಣು ಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ ಎಡಗಣ್ಣೂ ಅರ್ಧ ಹೋಗಿತ್ತು. ಕಣ್ಣೊಳಗಿನ ಒತ್ತಡ ನರವನ್ನು ತಿಂದಿದೆ, ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಉಳಿಸಲು ದಸರೆ ಆದಮೇಲೆ ಒಂದು ಆಪರೇಷನ್ ಮಾಡಿ ನೋಡೋಣ ಎಂದರು ಡಾಕ್ಟರು. ಶ್ರಾವಣದ ಹೊತ್ತಿಗೆ ಅಪ್ಪನಿಗೆ ಬಾಗಿಲು ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ಕಾಣುತ್ತಿತ್ತು. ರೇಡಿಯೋ ಹಚ್ಚಿದರೆ ಬಂದ್ ಮಾಡು ಎನ್ನುತ್ತಿದ್ದ. ಎರಡು ತುತ್ತು ಉಂಡು ಕೈ ತೊಳೆಯುತ್ತಿದ್ದ. ಇನ್ನು ಯಾಕೆ ಇರಬೇಕು ಎಂದು ಒಮ್ಮೆ ಕೇಳಿದ, ಟೈಂ ಎಷ್ಟು ಎಂದು ಕೇಳುವ ದನಿಯಲ್ಲಿ. ನಾನು ಅಡಿಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಕಣ್ಣು ಹೋದರೆ ಹೋಗಲಿ, ಅಪ್ಪ ಇರಬೇಕು, ಇಷ್ಟೇ ನನಗೆ ಬೇಕಾಗಿತ್ತು.

ಅವನನ್ನು ಹಿಡಿದಿಟ್ಟದ್ದು ಆ ಪೆಟ್ಟಿಗೆ. ಸಂಜೆ ನಾನು ಕಚೇರಿಯಿಂದ ಬರುವ ಹೊತ್ತಿಗೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಒಂದೊಂದನ್ನೇ ಬಿಚ್ಚಿ, ಅಂಚಿನ ಮೇಲೆ ಹೆಬ್ಬೆರಳು ಸವರಿ, ಕಿವಿಗೆ ಹಿಡಿದು ಮಡಚಿ, ಹೆಸರು ಹೇಳುತ್ತಿದ್ದ. ಪ್ರತಿ ಚಾಕುವಿಗೂ ಅವನೇ ಇಟ್ಟ ಹೆಸರು.

“ಇದು ಗಾರ್ಡ್ ಸಾಹೇಬ್ರು ಕೊಟ್ಟದ್ದು. ತುದಿಗೆ ಕೂದಲಿನಷ್ಟು ಮುಕ್ಕಾಗೈತಿ ನೋಡು. ಇದು ಅಬಿಡ್ಸಿನ ಮಳಿಯದು, ಆವತ್ತ ನೆನದು ಹಿಡಿ ಒರಟ ಆಗೈತಿ. ಇದು ಗೊಗ್ಗರ ದನಿಯಾಂವ. ಹೌದಲ್ಲೋ?”

“ಹೌದಪ್ಪಾ.”

ಹದಿನೇಳಕ್ಕೆ ಹದಿನೇಳೂ ಸರಿ. ಆ ಅರ್ಧ ಗಂಟೆ ಅಪ್ಪ ಹಳೇ ಅಪ್ಪನೇ. ಬೆನ್ನು ನೆಟ್ಟಗಾಗುತ್ತಿತ್ತು, ಆಮೇಲೆ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದ. ಚಾಕು ಎಂದರೆ ಸಿಡುಕುತ್ತಿದ್ದವಳು ನಾನೇ ಪೆಟ್ಟಿಗೆ ತಂದುಕೊಡತೊಡಗಿದೆ.

ನವರಾತ್ರಿಗೆ ಕಲಬುರ್ಗಿಯಿಂದ ಸೋದರತ್ತೆ ಬಂದಳು. ತಮ್ಮನ ಕೈ ಹಿಡಿದು ಅತ್ತಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು: “ನಿಮ್ಮವ್ವ ಇದ್ದಾಗಿಂದ ಹೇಳಾಕತ್ತೀನಿ. ತೊಳೀಲಾರದ ಆಯುಧ ಪ್ರತಿ ವರ್ಷ ದೇವಿ ಮುಂದ ಇಟ್ಟರ ಆಕಿ ಸುಮ್ಮನಿರತಾಳೇನು? ಕಣ್ಣಿಗೇ ಯಾಕ ಬಂತು, ನೀನ ಹೇಳು.”

“ಅತ್ಯಾ, ಅದು ರೋಗರಿ. ದೇವಿಗೆ ಮಾಡಾಕ ಬ್ಯಾರೆ ಕೆಲಸ ಇಲ್ಲೇನು?” ಎಂದು ನಾನು ಹರಿಹಾಯ್ದೆ.

ಹರಿಹಾಯ್ದದ್ದೇನೋ ಸರಿ. ಆದರೆ ಆ ಮಾತು ಹೊಕ್ಕ ಕಡೆ ಕೂತುಬಿಟ್ಟಿತು. ಬಸ್ಸಿನಲ್ಲಿ, ಕಚೇರಿಯಲ್ಲಿ, ಫೈಲಿನ ದಾರ ಕಟ್ಟುವಾಗ, ಕಣ್ಣಿಗೇ ಯಾಕೆ ಬಂತು? ಡಾಕ್ಟರು ‘ನೋಡೋಣ’ ಎಂದಿದ್ದರು. ದೇವಿಯಾದರೂ ಬೇರೆ ಏನಾದರೂ ಹೇಳಬಹುದು. ಮುಳುಗುವವಳಿಗೆ ಹಗ್ಗವೋ ಹಾವೋ ನೋಡುವ ಪುರುಸೊತ್ತು ಇರುವುದಿಲ್ಲ. ಈ ಸಲ ಖಂಡೇಪೂಜೆ ಶಾಸ್ತ್ರದ ಪ್ರಕಾರ ಮಾಡುತ್ತೇನೆ, ಆ ಎಡಗಣ್ಣಿನ ಬೆಳಕೊಂದನ್ನು ಉಳಿಸು ಎಂದು ಹರಕೆ ಹೊತ್ತೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾನೆ ಎಂದು ಗೊತ್ತಿತ್ತು.

ಅಷ್ಟಮಿಯ ದಿನ ಅತ್ತೆ ಅಪ್ಪನನ್ನು ನಾಂಪಲ್ಲಿಯಲ್ಲಿದ್ದ ತನ್ನ ಮಗನ ಮನೆಗೆ ಕರೆದೊಯ್ದಳು. ಮರುದಿನ ಬೆಳಿಗ್ಗೆ ಬರುವುದೆಂದು ಮಾತು. ನಾನು ರಜೆ ಹಾಕಿ ಪೆಟ್ಟಿಗೆ ತೆರೆದೆ. ಬಚ್ಚಲಲ್ಲಿ ಕೂತು ಹುಣಸೆಹಣ್ಣು, ಬೂದಿ, ರಂಗೋಲಿ ಪುಡಿ ಹಾಕಿ ಒಂದೊಂದನ್ನೇ ತಿಕ್ಕಿದೆ. ಕರೀ ನೀರು ಹರಿದು ಹೋಯಿತು. ನಲವತ್ತು ವರ್ಷದ್ದು, ಐವತ್ತು ವರ್ಷದ್ದು. ಕಣ್ಣೀರು ಸುರಿಯುತ್ತಿತ್ತು. ಆದರೂ ಒಳಗೊಳಗೇ ಹಿಗ್ಗು, ಏನೋ ಒಂದು ಮಾಡುತ್ತಿದ್ದೇನಲ್ಲ ಎಂದು.

ಮಧ್ಯಾಹ್ನ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡ ಸಾಣೆಯ ಮುದುಕ ಓಣಿಯಲ್ಲಿ ಕೂಗುತ್ತಾ ಬಂದ. ಮೊದಲು ಈಳಿಗೆಗೆ ಹಿಡಿದ. ಆಮೇಲೆ ಅಪ್ಪನ ಚಾಕು ಎತ್ತಿಕೊಂಡು ಬಿಚ್ಚಿ ನೋಡಿ, ಮಡಚಿ, ನನ್ನ ಕಡೆ ಚಾಚಿದ. “ಇಸ್ಕು ನಕ್ಕೋ ಅಮ್ಮಾ. ಪುರಾನಾ ಮಾಲ್ ಹೈ, ಶೌಕ್ ಕಾ ಹೈ. ಖರಾಬ್ ಹೋ ಜಾತಾ.” ಹಳೇ ಮಾಲು, ಶೋಕಿಯದು, ಕೆಟ್ಟುಹೋಗುತ್ತದೆ, ಇದು ಬೇಡ ಎಂದ. ಸಾಣೆ ಹಿಡಿದು ಹೊಟ್ಟೆ ಹೊರೆಯುವವನೇ ಬೇಡ ಎಂದ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. “ಬೋಲೆ ಸೋ ಕರೋ,” ಎಂದು ಗದರಿದೆ. ಹೇಳಿದ್ದು ಮಾಡು. ಅವನು ಪೆಡಲ್ ತುಳಿದ. ಹದಿನೇಳೂ ಚಕ್ರಕ್ಕೆ ಹೋದವು, ಕಿಡಿ ಹಾರಿದವು. ಸಡಿಲಾಗಿದ್ದ ಎರಡಕ್ಕೆ ಸುತ್ತಿಗೆಯಿಂದ ರಿವೆಟ್ ಬಡಿಸಿದೆ. ಬಿಗಿಯಾಗಿದ್ದವಕ್ಕೆ ಮಿಶಿನ್ ಎಣ್ಣೆ ಬಿಟ್ಟೆ.

ನವಮಿಯ ಬೆಳಿಗ್ಗೆ ಹದಿನೇಳು ಚಾಕು ದೇವರ ಮುಂದೆ ಸಾಲಾಗಿ ಹೊಳೆಯುತ್ತಿದ್ದವು. ಪ್ರತಿಯೊಂದಕ್ಕೂ ಅರಿಸಿನ, ಕುಂಕುಮ, ಒಂದೊಂದು ಸೇವಂತಿಗೆ. “ಎಷ್ಟು ಛಂದ ಕಾಣತಾವ,” ಎಂದು ಅತ್ತೆ ಕೆನ್ನೆ ಬಡಿದುಕೊಂಡು ಕೈ ಮುಗಿದಳು. ಅಪ್ಪ ಸ್ನಾನ ಮಾಡಿ ಬಂದು ಮಣೆಯ ಮೇಲೆ ಕೂತ. ಪೆಟ್ಟಿಗೆಗಾಗಿ ಕೈ ಚಾಚಿದ. ನಾನು ಒಂದು ಚಾಕು ಎತ್ತಿ ಅವನ ಅಂಗೈಗಿಟ್ಟೆ.

ಅವನು ಬಿಚ್ಚಿದ. ದಿನದ ಹಾಗೆ ಅಂಚಿನ ಮೇಲೆ ಹೆಬ್ಬೆರಳು ಸವರಿದ. ಚರ್ಮ ಸೀಳಿತು. ರಕ್ತ ಅಂಗೈಗಿಳಿದರೂ ಅವನು ಅದರ ಕಡೆ ಗಮನ ಕೊಡಲಿಲ್ಲ. ಕಿವಿಗೆ ಹಿಡಿದು ಮಡಚಿದ. ಎಣ್ಣೆ ಕುಡಿದ ಸ್ಪ್ರಿಂಗು ಸದ್ದನ್ನೇ ಮಾಡಲಿಲ್ಲ. ಇನ್ನೊಂದು ಕೊಡು ಎಂದ. ಇನ್ನೊಂದು. ನಾಲ್ಕನೆಯದನ್ನು ಕೈಯಲ್ಲಿ ತಿರುಗಿಸುತ್ತಾ ನನ್ನನ್ನು ಕೇಳಿದ:

“ಯಾರವ ಇವು, ಅವ್ವಾ?”

ನಾನು ಹೇಳಿದೆ. ಹರಕೆ, ಹುಣಸೆಹಣ್ಣು, ಚಕ್ರ, ಎಲ್ಲ. ಅತ್ತೆ ನಡುವೆ ಬಾಯಿ ಹಾಕಲು ಬಂದಳು, ಅಪ್ಪ ಕೈ ಎತ್ತಿ ತಡೆದ.

“ಹದಿನೇಳೂ?”

“ಹದಿನೇಳೂ, ಅಪ್ಪಾ.”

“ಹೊಳೀತಾವೇನು?”

“ಹೊಳೀತಾವು.”

“ಹಂಗಾರ ನನಗ ಕಾಣಲಾರದ್ದ ಛಲೋ ಆತು,” ಎಂದ. ಸಿಟ್ಟಿನಿಂದ ಅಲ್ಲ. ಸಿಟ್ಟು ಮಾಡಿದ್ದರೆ, ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ದೇವರ ಮುಂದಿನ ಬಟ್ಟಲಿನಿಂದ ಅರಿಸಿನ ತೆಗೆದು ಅವನ ಬೆರಳಿಗೆ ಒತ್ತಿದೆ.

ಆಪರೇಷನ್ ಆಯಿತು. ದೀಪಾವಳಿಯ ಹೊತ್ತಿಗೆ ಎಡಗಣ್ಣಿನ ಬೆಳಕೂ ಹೋಯಿತು. ದೇವಿಯ ಮೇಲಿನ ಸಿಟ್ಟು ನನಗೆ ಎರಡು ದಿನ ಇತ್ತು, ನನ್ನ ಮೇಲಿನದು ಇನ್ನೂ ಹೋಗಿಲ್ಲ.

ಹಬ್ಬ ಕಳೆದು ಒಂದು ವಾರಕ್ಕೆ, ಒಂದು ಸಂಜೆ ಅಪ್ಪ ತಾನಾಗಿಯೇ ಪೆಟ್ಟಿಗೆ ಕೇಳಿದ. ತಂದುಕೊಟ್ಟೆ. ಈಗ ಅಂಚನ್ನು ಮುಟ್ಟದೆ, ಹಿಡಿಯನ್ನಷ್ಟೇ ನಿಧಾನವಾಗಿ ತಡವಿ, “ಇದು ಗಾರ್ಡ್ ಸಾಹೇಬ್ರದು, ಹೌದಲ್ಲೋ?” ಎಂದ. ಅದು ಮಳೆಯದಾಗಿತ್ತು. ಅದರ ಒರಟನ್ನೆಲ್ಲ ನಾನೇ ತಿಕ್ಕಿ ತೆಗೆದಿದ್ದೆ. “ಹೌದಪ್ಪಾ,” ಎಂದೆ. ಆವತ್ತು ಅಪ್ಪ ಹೇಳಿದ ಹದಿನೇಳರಲ್ಲಿ ಮೂರೋ ನಾಲ್ಕೋ ಸರಿ ಇದ್ದವು. ಎಲ್ಲದಕ್ಕೂ ಹೌದೆಂದೆ. ರಾತ್ರಿ ಅವನು ಒಂದು ಭಕ್ಕರಿ ಪೂರ್ತಿ ತಿಂದ. ಇದೇ ಔಷಧಿ ಎಂದುಕೊಂಡೆ.

ಹೀಗೆ ಒಂದು ತಿಂಗಳು. ಮೊದಮೊದಲು ಚಾಕು ನೋಡಿ, ತಪ್ಪೆಂದು ತಿಳಿದೇ ಹೌದೆನ್ನುತ್ತಿದ್ದೆ. ಬರಬರುತ್ತಾ ನೋಡುವುದನ್ನೂ ಬಿಟ್ಟೆ. ಒಂದು ಸಂಜೆ ಹೊಸ್ತಿಲ ಬಳಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಕಣ್ಣು ಕಲ್ಲಿನ ಮೇಲೆ, ಬಾಯಿ ತನ್ನಷ್ಟಕ್ಕೆ.

“ಇದು ಅಬಿಡ್ಸಿನ ಮಳಿಯದು.”

“ಹೌದಪ್ಪಾ.”

“ಇದು ಗೊಗ್ಗರ ದನಿಯಾಂವ.”

“ಹೌದಪ್ಪಾ.”

“ಇದು ಗಾರ್ಡ್ ಸಾಹೇಬ್ರದು.”

“ಹೂಂ, ಹೌದು.”

ಒಂದು ಕಲ್ಲನ್ನು ಆಚೆ ಎಸೆದು ತಲೆ ಎತ್ತಿ ನೋಡಿದೆ. ಅಪ್ಪ ಒಂದೇ ಒಂದು ಚಾಕುವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನನ್ನ ಮುಖ ಇರುವ ದಿಕ್ಕಿಗೆ ಮುಖ ಮಾಡಿ ಕೂತಿದ್ದ. ಉಳಿದ ಹದಿನಾರೂ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ್ದು ಸುತ್ತಿದಂತೆಯೇ ಇದ್ದವು.

“ಇದನ್ನ ನಾ ಕೈಯಿಂದ ಕೆಳಗ ಇಟ್ಟೇ ಇಲ್ಲವಾ,” ಎಂದ.

ಮೊರ ನನ್ನ ತೊಡೆಯ ಮೇಲಿಂದ ಜಾರಿತು. ಅಕ್ಕಿ ನೆಲಕ್ಕೆಲ್ಲ ಚೆಲ್ಲಿದ ಸದ್ದು ಅವನಿಗೆ ಕೇಳಿಸಿರಬೇಕು. ಚಾಕುವನ್ನು ಮಡಚಿ, ತಡಕಾಡಿ ಬಟ್ಟೆ ಹುಡುಕಿ ಸುತ್ತಿ, ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದ.

“ಒಳಗಿಡು. ಇಬ್ಬರಿಗೂ ಕಾಣವಲ್ದು.”

ನಾನು ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಬಂದು ಅಕ್ಕಿ ಬಳಿದೆ. ಆವತ್ತು ಅಪ್ಪ ಊಟ ಬೇಡ ಎಂದ. ಪೆಟ್ಟಿಗೆಯನ್ನು ಮತ್ತೆಂದೂ ಕೇಳಲಿಲ್ಲ.