ಬೈಂಡು ಕಾಗದದಲ್ಲಿ ಬಂದ ಕಥೆ

ಹೊರದೇಶದ ಪತ್ರಿಕೆಗಳ ನುಣುಪು ಕಾಗದಕ್ಕೆ ಒಂದು ವಾಸನೆ ಇರುತ್ತಿತ್ತು, ನಿಮಗೆ ನೆನಪಿದೆಯೇ? ಸೀಮೆಎಣ್ಣೆಯಂತೆಯೂ ಅಲ್ಲ, ಹೊಸ ಬಟ್ಟೆಯಂತೆಯೂ ಅಲ್ಲ, ಎರಡರ ನಡುವಿನದು. ಮೊನ್ನೆ ತುಮಕೂರಿನ ವಿಶ್ವವಿದ್ಯಾಲಯದವರು ಹಿಂದಿನ ಕಾಲದ ಕಾಲೇಜು ಜೀವನದ ಸಂಗ್ರಹಾಲಯ ಮಾಡುತ್ತಿದ್ದೇವೆ, ಹಳೆಯ ಗುಂಪು ಫೋಟೋಗಳಲ್ಲಿ ಯಾರ್ಯಾರಿದ್ದಾರೆ ಗುರುತು ಹಿಡಿದು ಕೊಡಿ ಎಂದು ನಮ್ಮಂಥ ಹಳಬರನ್ನು ಕರೆದಿದ್ದರು. ರಿಟೈರಾದವನಿಗೆ ಇಂಥ ಕರೆ ಬಂದರೆ ಮದುವೆಗೆ ಕರೆದಷ್ಟೇ ಖುಷಿ. ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ. ಮೇಜಿನ ಮೇಲೆ ಆ ಕಾಲದ ವಿದೇಶಿ ಸಾಹಿತ್ಯ ಪತ್ರಿಕೆಗಳ ಕಟ್ಟೊಂದು ಇತ್ತು. ಅಲ್ಲಿದ್ದ ಹುಡುಗಿ ದಾರ ಬಿಚ್ಚಿದಳು, ವಾಸನೆ ಬಂತು, ಅಷ್ಟೇ. ನಾನು ಹೋಗಿ, ತುಮಕೂರಿನ ಕಾಲೇಜಿಗೆ ಬರುತ್ತಿದ್ದ ಆ ಕಾಲದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕೂತುಬಿಟ್ಟೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಭೂಪಟದಲ್ಲಿ ಎಲ್ಲಿವೆಯೆಂದು ನಮಗೆ ಗೊತ್ತಿಲ್ಲದ ದೇಶಗಳಿಂದ ಕಾಲೇಜು ಲೈಬ್ರರಿಗೆ ಇಂಥ ಪತ್ರಿಕೆಗಳು ಬರುತ್ತಿದ್ದವು. ಅಲ್ಲಿನ ಕಥೆ, ಕವಿತೆಗಳು ಇಂಗ್ಲಿಷಿನಲ್ಲಿ. ಓದುವವರು ಯಾರು? ಆದರೆ ಹಳೆಯ ಸಂಚಿಕೆಗಳನ್ನು ಹೊರಗೆ ಹಾಕಿದ ದಿನ ನೊಣ ಮುತ್ತಿದ ಹಾಗೆ ಮುತ್ತಿಕೊಳ್ಳುತ್ತಿದ್ದೆವು. ಪಠ್ಯಪುಸ್ತಕಕ್ಕೆ ಬೈಂಡು ಹಾಕಲು ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ. ಹಾಳೆ ಹಾಳೆ ಕಿತ್ತು ಹಂಚಿಕೊಂಡು, ಚಿತ್ರ ಹೊರಗೆ, ಅಕ್ಷರ ಒಳಗೆ ಬರುವಂತೆ ಮಡಚುವುದು. ನನ್ನ ಇತಿಹಾಸದ ಪುಸ್ತಕದ ಮೇಲೆ ಯಾವುದೋ ದೇಶದ ದಪ್ಪ ಮೀಸೆಯ ಕವಿಯೊಬ್ಬ ಇದ್ದ. ನಮ್ಮಪ್ಪ ಅವನನ್ನು ನಮ್ಮ ಪ್ರಿನ್ಸಿಪಾಲರೆಂದು ತಿಳಿದು, ಆ ಪುಸ್ತಕಕ್ಕೆ ಕಾಲು ತಾಗಿದರೆ ಬಯ್ಯುತ್ತಿದ್ದರು. ನಿಟ್ಟೂರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದ ಮನುಷ್ಯ, ನಾನೂ ತಿದ್ದಲು ಹೋಗಲಿಲ್ಲ.

ನಾನು ನಿಟ್ಟೂರಿನಲ್ಲಿ ಹತ್ತಿದರೆ, ಮುಂದೆ ಗುಬ್ಬಿಯಲ್ಲಿ ಶಮೀಮ್ ಹತ್ತುತ್ತಿದ್ದಳು. ಬಳೆ ಅಂಗಡಿಯವರ ಮಗಳು, ನನ್ನದೇ ಕ್ಲಾಸು. ನಮ್ಮೆಲ್ಲರ ಬೈಂಡುಗಳ ಒಳಮೈಯಲ್ಲಿ ಏನಿದೆ ಎಂದು ಬಿಚ್ಚಿ ನೋಡುವ ಬುದ್ಧಿ ಬಂದದ್ದು ಆಕೆಯೊಬ್ಬಳಿಗೇ. ಒಂದು ದಿನ ಗೆಳತಿಯ ಪುಸ್ತಕದ ಬೈಂಡಿನಲ್ಲಿ ಒಂದು ಕಥೆಯ ಮೊದಲ ಹಾಳೆ ಸಿಕ್ಕಿತು. ಮುಂದಿನ ಹಾಳೆ ಯಾರ ಪುಸ್ತಕದ ಮೇಲಿದೆ? ರೈಲು ಡಬ್ಬಿಯಲ್ಲಿದ್ದ ಹುಡುಗರನ್ನೆಲ್ಲ, ಸ್ವಲ್ಪ ಪುಸ್ತಕ ಕೊಡ್ತೀರಾ ಎಂದು ಕೇಳತೊಡಗಿದಳು. ಈ ಹುಡುಗಿಗೆ ತಲೆ ಕೆಟ್ಟಿದೆ ಎಂದು ನಕ್ಕವರೇ ವಾರದೊಳಗೆ ತಾವಾಗಿ ಪುಸ್ತಕ ಬಿಚ್ಚಿ ತೋರಿಸತೊಡಗಿದರು. ಸಿಕ್ಕ ಹಾಳೆಯನ್ನು ಓದಿಕೊಂಡು ಮಾರನೇ ದಿನ ಕನ್ನಡದಲ್ಲಿ ಹೇಳುತ್ತಿದ್ದಳು.

ಹಿಮ ಬೀಳುವ ಊರು. ಒಬ್ಬ ವಿಧವೆ. ಅವಳ ಮನೆಗೆ ಪಿಯಾನೋ ರಿಪೇರಿಗೆ ಒಬ್ಬ ಬರುತ್ತಾನೆ. ಪಿಯಾನೋ ಕಂಡವರು ನಮ್ಮಲ್ಲಿ ಯಾರೂ ಇಲ್ಲವೆಂದು ಶಮೀಮ್ ಅದನ್ನು ಹಾರ್ಮೋನಿಯಂ ಮಾಡಿದಳು. ಎಷ್ಟೆಂದರೂ ನಾಟಕದ ಊರಿನವಳು. ಅವನು ಕೆಲಸ ಅರ್ಧಕ್ಕೆ ಬಿಟ್ಟು, ನಾಳೆ ಬರುತ್ತೇನೆಂದು ಸಾಮಾನಿನ ಚೀಲವನ್ನು ಅಲ್ಲೇ ಇಟ್ಟು ಹೋಗುತ್ತಾನೆ. ದಿನಗಳು ಹೋಗುತ್ತವೆ. ಅವನು ಬಂದನೇ? ಆ ಕೊನೆಯ ಹಾಳೆ ಮಾತ್ರ ಸಿಗಲೇ ಇಲ್ಲ. ನನ್ನ ಪುಸ್ತಕಗಳನ್ನು ಆಕೆಯೇ ನೋಡಿ ಇಲ್ಲವೆಂದಿದ್ದಳು. ನಾನು ಕ್ಯಾತ್ಸಂದ್ರದ ಹಾಸ್ಟೆಲ್ ಹುಡುಗರ ಪುಸ್ತಕಗಳನ್ನೂ ಬಿಡದೆ ಜಾಲಾಡಿ ಬಂದೆ. ಸಿಗದಿದ್ದರೇನು, ಶಮೀಮ್ ದಿನಕ್ಕೊಂದು ಕೊನೆ ಕಟ್ಟುತ್ತಿದ್ದಳು. ಅವನು ಸತ್ತ, ಅವನಿಗೆ ಮದುವೆಯಾಯಿತು, ಅವಳೇ ಚೀಲ ಹೊತ್ತು ಹುಡುಕಿಕೊಂಡು ಹೊರಟಳು. ನಾನು ದೊಡ್ಡ ವಿಮರ್ಶಕನಂತೆ, ಇದು ಸರಿಹೋಗಲಿಲ್ಲ ಬಿಡಿ ಎನ್ನುತ್ತಿದ್ದೆ. ಸರಿಹೋಯಿತು ಎಂದರೆ ನಾಳೆ ಹೇಳುವುದಿಲ್ಲವಲ್ಲ.

ನಿಮ್ಮೆದುರು ಮುಚ್ಚುಮರೆ ಏಕೆ? ಆಕೆಯೆಂದರೆ ನನಗೆ ಪ್ರಾಣ. ಗುಬ್ಬಿ ಬಂದರೆ ನನಗೆ ಬೆಳಗಾಗುತ್ತಿತ್ತು. ಆದರೆ ಬಾಯಿಬಿಟ್ಟರೆ ಗುಬ್ಬಿಯಲ್ಲೂ ನಿಟ್ಟೂರಿನಲ್ಲೂ ಏನೇನಾಗುತ್ತದೆ ಎಂದು ಗೊತ್ತಿತ್ತು. ಹಾಗಾಗಿ ಹಿಮದೂರಿನ ವಿಧವೆಯ ಬಗ್ಗೆಯೇ ಮಾತಾಡಿದೆ. ಕಡೆಯ ವರ್ಷದ ಪರೀಕ್ಷೆ ಮುಗಿಯುತ್ತಿದ್ದಂತೆ ಕುಣಿಗಲ್ಲಿನ ರೇಷ್ಮೆ ವ್ಯಾಪಾರಿಯ ಜೊತೆ ಆಕೆಯ ಮದುವೆಯಾಯಿತು. ಕುಣಿಗಲ್ಲಿಗೆ ಆಗ ರೈಲೂ ಇರಲಿಲ್ಲ.

"ನಿಟ್ಟೂರಿನವರಲ್ವಾ ನೀವು?"

ಸಂಗ್ರಹಾಲಯದ ಮೇಜಿನ ಆಚೆ ತಲೆ ಮೇಲೆ ಸೆರಗು ಹೊದ್ದ ಒಬ್ಬರು ಫೋಟೋ ನೋಡುತ್ತ ನಿಂತಿದ್ದರು. ಕೂದಲು ಬೆಳ್ಳಗಾಗಿತ್ತು. ದನಿ ಒಂದು ಚೂರೂ ಬದಲಾಗಿರಲಿಲ್ಲ. ಯಜಮಾನರು ತೀರಿಕೊಂಡದ್ದು, ಮೊಮ್ಮಕ್ಕಳ ಓದು, ನನ್ನ ಸಕ್ಕರೆ ಕಾಯಿಲೆ, ಎಲ್ಲ ಆಯಿತು. ಆಮೇಲೆ ಏನು ಕೇಳುವುದೋ ತಿಳಿಯದೆ, ಆ ಕೊನೆಯ ಹಾಳೆ ಎಲ್ಲಾದರೂ ಸಿಕ್ಕಿತೇ ಎಂದೆ.

ಶಮೀಮ್ ಪತ್ರಿಕೆಗಳ ಕಟ್ಟಿನ ಮೇಲೆ ಕೈಯಿಟ್ಟಳು. "ನಿಮ್ಮ ಎಕನಾಮಿಕ್ಸ್ ಪುಸ್ತಕದ ಮೇಲೇ ಇತ್ತು ಕಣ್ರೀ. ಅವತ್ತೇ ನೋಡಿದ್ದೆ."

"ಮತ್ತೆ ಇಲ್ಲ ಅಂದ್ರಲ್ಲ?"

"ಇದೆ ಅಂದಿದ್ರೆ ಕಥೆ ಮುಗಿದೋಗ್ತಿತ್ತು. ಮಾರನೇ ದಿನ ಏನ್ ನೆಪ ಮಾಡ್ಕೊಂಡು ನಿಮ್ಮತ್ರ ಮಾತಾಡ್ಲಿ?"

ನಾನೊಬ್ಬನೇ ಎಂದುಕೊಂಡಿದ್ದೆ ಸ್ವಾಮಿ, ಇಷ್ಟು ವರ್ಷವೂ. ಏನಾದರೂ ಅನ್ನಬೇಕಲ್ಲ ಎಂದು, ಕೊನೆಗೆ ಅವನು ಬಂದನೇ ಎಂದು ಕೇಳಿದೆ.

"ಬಂದ. ಒಳಗೆ ದೀಪ ಉರೀತಿತ್ತು. ಬಾಗ್ಲು ತಟ್ಟೋಕೆ ಧೈರ್ಯ ಸಾಲ್ದೆ ಹೊರಟೋದ."

ಅಷ್ಟರಲ್ಲಿ ಮಗ ಬಂದು, ಕುಣಿಗಲ್ ಬಸ್ಸಿಗೆ ಹೊತ್ತಾಯ್ತು ಅಮ್ಮಿ ಎಂದ. ಬರ್ತೀನಿ ಎಂದು ಹೇಳಿ ಆಕೆ ಹೊರಟಳು. ಸಂಗ್ರಹಾಲಯದ ಹುಡುಗಿ ನನ್ನ ಮುಂದೆ ಇನ್ನೊಂದು ಫೋಟೋ ಇಟ್ಟು, ಇದರಲ್ಲಿ ಯಾರ್ಯಾರಿದ್ದಾರೆ ಹೇಳಿ ಸಾರ್ ಎಂದಳು. ಕನ್ನಡಕ ತೆಗೆದು ಒರೆಸಿಕೊಂಡೆ. ಆಗಲೂ ಯಾರ ಮುಖವೂ ಕಾಣಲಿಲ್ಲ.