ಕಬ್ಬಿನ ಪಾಳಿಗೊಂದು ಹೆವಿ ಮೆಟಲ್ ಪೆನ್‌ಡ್ರೈವ್

ಮೂವತ್ತು ವರ್ಷಗಳಲ್ಲಿ ನಮ್ಮ ಮನೆತನದ ಒಬ್ಬರೂ ನನ್ನ ಹೆವಿ ಮೆಟಲ್ ಹಾಡು ಕೇಳಬೇಕು ಅಂದಿರಲಿಲ್ಲ. ಮೊನ್ನೆ ಮಮದಾಪುರದ ಅಡಿವೆಪ್ಪ ಕಾಕಾ ಅಂದರು.

‘ನಿನ್ನ ಆ ಬಡಿದಾಡೋ ಹಾಡ ಅದಾವಲ್ಲ, ಅವನ್ನ ಪೆನ್‌ಡ್ರೈವ್‌ಗೆ ತುಂಬಿ ಕೊಡೋ. ನಿದ್ದಿ ಹತ್ತಬಾರದು ನೋಡು!’

ವಿಷಯ ಗಂಭೀರದ್ದೇ. ಕಾಕಾ ಟ್ರ್ಯಾಕ್ಟರಿಗೆ ಎರಡು ಡಬ್ಬಿ, ಅಂದರೆ ಟ್ರೇಲರ್, ಕಟ್ಟಿ ಕಬ್ಬು ಸಾಗಿಸುತ್ತಾರೆ. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಹಚ್ಚಿ ನಿಲ್ಲಬೇಕು. ಸಾಲು ಗಂಟೆಗೊಮ್ಮೆ ನಾಲ್ಕು ಹೆಜ್ಜೆ ಸರಿಯುತ್ತದೆ. ರೊಟ್ಟಿ ಉಂಡ ಕಾಕಾ ಅಷ್ಟರಲ್ಲಿ ಸ್ಟೇರಿಂಗ್ ಮೇಲೆ ತಲೆಯಿಟ್ಟಿರುತ್ತಾರೆ. ಹಿಂದಿನವರು ಎಬ್ಬಿಸುತ್ತಾರೆಯೇ? ಎಲ್ಲಿಯ ಮಾತು! ‘ಮಲಗಲಿ ಪಾಪ’ ಎಂದು ಕನಿಕರಪಟ್ಟು, ಬಾಜೂದಿಂದ ದಾಟಿ ಮುಂದೆ ಹೋಗುತ್ತಾರೆ.

ಹೀಗೆ ಎರಡು ಸಲ ಪಾಳಿ ತಪ್ಪಿತ್ತು. ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿದಿತ್ತು. ‘ಇನ್ನೊಮ್ಮೆ ಹಿಂಗಾದ್ರ ಬ್ಯಾರೆ ಟ್ರ್ಯಾಕ್ಟರ್ ನೋಡ್ಕೊಂತೀನಿ’ ಎಂದು ಕಬ್ಬಿನ ಮಾಲಕರು ಕಡ್ಡಿ ಮುರಿದಂತೆ ಹೇಳಿದ್ದರು. ಕಾಕಾನ ಹಳೆಯ ಜಾನಪದ ಹಾಡುಗಳೆಲ್ಲ ಕೇಳಿ ಕೇಳಿ ಜೋಗುಳವಾಗಿದ್ದವು.

ನಾನು ನಾಲ್ಕು ದಿನ ಕೂತೆ. (ಆಫೀಸ್ ಕೆಲಸದ ಬಗ್ಗೆ ಕೇಳಬೇಡಿ.) ನಮ್ಮ ಕ್ಯಾಸೆಟ್ ಕಾಲದಲ್ಲಿ ಮಿಕ್ಸ್‌ಟೇಪ್ ಎಂದರೆ ವ್ರತ. ಒಂದು ಬದಿಗೆ ಮೂವತ್ತು ನಿಮಿಷ, ಕೊನೆಯ ಹಾಡಿನ ಕತ್ತು ಕಟ್! ಪೆನ್‌ಡ್ರೈವ್‌ಗೆ ಹೊಟ್ಟೆ ತುಂಬುವುದೇ ಇಲ್ಲ. ಆದರೂ ಒಂದು ಶಿಸ್ತು ಬೇಡವೇ? ಎಪ್ಪತ್ತರ ದಶಕದ ಉದ್ದ ಕೂದಲಿನವರಿಂದ ಶುರು. ಎಂಬತ್ತರ ಬಿಗಿ ಪ್ಯಾಂಟಿನ ಗಿಟಾರ್ ವೀರರು. ತೊಂಬತ್ತರ ಹರಿದ ಅಂಗಿಯ ದುಃಖಿಗಳು. ಆಮೇಲೆ ಹೊಟ್ಟೆಯೊಳಗಿಂದ ಗುಡುಗುವವರು, ಈಗಿನ ಕಾಲದ ಹುಡುಗಿಯರ ಒಂದು ಭಯಂಕರ ಬ್ಯಾಂಡು. ದಶಕ ಬದಲಾಗುವಲ್ಲೆಲ್ಲ ಒಂದೊಂದು ಮೆಲ್ಲಗಿನ ಹಾಡು. ಮಿರ್ಚಿ ಭಜಿಯ ನಡುವೆ ಮಜ್ಜಿಗೆ ಬೇಕಲ್ಲ!

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: ‘ಇದ್ರಾಗ ಹಾಡ ಯಾವ್ದು, ಮಿಕ್ಸರ್ ಯಾವ್ದು?’

ಬುಧವಾರ ಮಧ್ಯಾಹ್ನ ಫಲಿತಾಂಶ ನೋಡಲು ನಾನೇ ಕಾರ್ಖಾನೆಗೆ ಹೋದೆ. ಕಾಕಾ ಪೆನ್‌ಡ್ರೈವ್ ಚುಚ್ಚಿದರು. ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರ್ ಎಂದರೆ ಗೊತ್ತಲ್ಲ, ಅರ್ಧ ತಿಜೋರಿಯಷ್ಟಿರುತ್ತದೆ. ಎಪ್ಪತ್ತರ ದಶಕ ಅಂಗಳದ ತುಂಬ ಮೊಳಗಿತು. ಯಮಕನಮರಡಿ ಕಡೆಯ ಡ್ರೈವರ್ ಒಬ್ಬರು ಓಡಿ ಬಂದರು.

‘ಯಾರಿಗೇನಾತ್ರಿ?’

‘ಏನೂ ಇಲ್ರಿ, ಹಾಡ’ ಎಂದೆ, ಎದೆಯುಬ್ಬಿಸಿ.

ತಿರುಗಿ ನೋಡಿದರೆ ಕಾಕಾ ಬಾಯಿ ತೆರೆದು ಮಲಗಿದ್ದಾರೆ! ವಾಲ್ಯೂಮ್ ಏರಿಸಿದೆ. ಹಾಡಿನ ಮೇಲೆ ಹಾಡು ಬಂದರೂ ಗೊರಕೆಯೇ ಗಟ್ಟಿಯಾಯಿತು. ಅಷ್ಟರಲ್ಲಿ ಮುಂದಿನ ಟ್ರ್ಯಾಕ್ಟರ್ ಸರಿಯಿತು. ಹಿಂದಿನವರು ಆಗಲೇ ಸ್ಟೇರಿಂಗ್ ತಿರುಗಿಸುತ್ತಿದ್ದರು. ಭುಜ ಅಲುಗಿಸಿ ಎಬ್ಬಿಸಬಹುದಿತ್ತಲ್ಲ ಎನ್ನುತ್ತೀರಾ? ನಾಚಿಕೆ ಬಿಟ್ಟು ಹೇಳುತ್ತೇನೆ: ನನ್ನ ಹಾಡೇ ಎಬ್ಬಿಸಲಿ ಎಂಬ ಹಟ. ಕಾಕಾನ ಬಾಡಿಗೆ ಹೋದರೂ ನನ್ನ ಮರ್ಯಾದೆ ಉಳಿಯಬೇಕಿತ್ತು. ಎಂಥ ನೀಚ ಬುದ್ಧಿ ನೋಡಿ.

ಆಗ ಎಪ್ಪತ್ತರ ದಶಕದ ಕೊನೆಯ ಹಾಡು ಮುಗಿಯಿತು. ಎರಡು ಸೆಕೆಂಡ್ ನಿಶ್ಶಬ್ದ. ಮೆಲ್ಲಗಿನ ಹಾಡಿನ ಒಂದೇ ಒಂದು ತಂತಿ ಮಿಡಿಯಿತು.

ಕಾಕಾ ಧಡಕ್ಕನೆ ಎದ್ದು ಎರಡೂ ಕಾಲಿನಿಂದ ಬ್ರೇಕ್ ಮೇಲೆ ನಿಂತರು.

‘ಇಂಜಿನ್ ಬಂದಾತು! ಗಾಲಿಗೆ ಕಲ್ಲ ಹಚ್ಚೋ!’

ಸಮತಟ್ಟಾದ ಅಂಗಳ. ಬಂದ್ ಆಗಲು ಇಂಜಿನ್ ಚಾಲೂ ಇರಲೇ ಇಲ್ಲ. ಕಣ್ಣುಜ್ಜಿಕೊಂಡು ನೋಡಿದರೆ ಮುಂದೆ ಜಾಗ ಖಾಲಿ. ತಟ್ಟನೆ ಕೀಲಿ ತಿರುವಿ, ಟ್ರ್ಯಾಕ್ಟರ್ ಮುಂದೆ ಒಯ್ದೇಬಿಟ್ಟರು. ಪಾಳಿ ಉಳಿಯಿತು. ಬಾಜೂದಿಂದ ಬರುತ್ತಿದ್ದವರ ಮುಖ ಹುಳ್ಳಗಾಯಿತು.

‘ಹೆಂಗ ಅದಾವ್ರಿ ಕಾಕಾ, ಹಾಡ?’ ಎಂದೆ, ಅಳುಕುತ್ತಲೇ.

‘ಭಾಳ ಚಲೋ ಅದಾವು. ಮೂವತ್ತು ವರ್ಷ ಇಂಜಿನ್ ಮ್ಯಾಲೆ ಕುಂತೇನಿ. ಅದು ಒದರತಿದ್ರ ಎಲ್ಲಾ ಬರೋಬ್ಬರಿ ಐತಿ ಅಂತ ಜೀವ ಹಗೂರ ಇರ್ತೈತಿ. ಏರಿನ್ಯಾಗ ದನಿ ನಿಂತ್ರ ಮಾತ್ರ ಎದಿ ಧಸಕ್ ಅಂತೈತಿ. ಎರಡು ಡಬ್ಬಿ ಕಬ್ಬ ಹಿಂದಕ್ಕ ಜಗ್ಗತಾವಲ್ಲ!’

ನನಗೆ ಆ ಕ್ಷಣ ಕಾಕಾನ ಮೇಲೆ ವಿಪರೀತ ಪ್ರೀತಿ ಉಕ್ಕಿತು. ಆ ನಿದ್ದೆಯ ಒಳಗೂ ದುಡಿಮೆಯೇ ಕೂತಿತ್ತಲ್ಲ.

ಪೆನ್‌ಡ್ರೈವ್ ತೆಗೆದು ನನ್ನ ಕೈಗೆ ಕೊಟ್ಟರು. ‘ನಡುವ ಸುಮ್ಮನಾಗ್ತಾರಲ್ಲ, ಅದನ್ನಷ್ಟ ಜಾಸ್ತಿ ಹಾಕಿ ಕೊಡು.’

ಜಗತ್ತನ್ನು ಬಡಿದೆಬ್ಬಿಸುತ್ತೇವೆಂದು ಐವತ್ತು ವರ್ಷ ಗಂಟಲು ಹರಿದುಕೊಂಡವರಿಗೆ ಈಗ ಯಾರು ಹೇಳಬೇಕು, ಅಡಿವೆಪ್ಪ ಕಾಕಾಗೆ ಎಚ್ಚರವಾದದ್ದು ಅವರು ಬಾಯಿ ಮುಚ್ಚಿದಾಗ ಎಂದು?